ಕಾರಿನ ಸೈಲೆನ್ಸರ್ ಬದಲಿಸೋ ಮುಂಚೆ ಇದನ್ನೊಮ್ಮೆ ಓದಿ: ಸೌಂಡ್ ಎಷ್ಟು, ಪಿಕಪ್ ಎಷ್ಟು, ದಂಡ ಎಷ್ಟು?

ಅರಭಾವಿ: ಗೋಕಾಕ ಕಡೆಯಿಂದ ಲೋಳಸೂರ ಸೇತುವೆ ದಾಟಿ ಬರುವ ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಈ ಸೌಂಡ್ ಹೊಸದೇನಲ್ಲ. ಗಾಡಿ ಕಣ್ಣಿಗೆ ಬೀಳೋಕಿಂತ ಮೊದಲೇ ಅದರ ಸೈಲೆನ್ಸರ್ ಕಿವಿಗೆ ಬೀಳ್ತದ. ಮೊದಲು ಇದು ಬುಲೆಟ್ ಗಾಡಿಗಳ ಚಟ. ಪಂಜಾಬಿ ಸೈಲೆನ್ಸರ್, ಇಂದೋರಿ ಸೈಲೆನ್ಸರ್ ಅಂತ ಹೆಸರಿಟ್ಟು ಮಾರುತ್ತಿದ್ದರು. ಈಗ ಅದೇ ಚಟ ಕಾರುಗಳಿಗೂ ಬಂದಿದೆ. ಹಳೆ ಸ್ವಿಫ್ಟ್, ಪೋಲೊ, ಹೋಂಡಾ ಸಿಟಿ ತಗೊಂಡ ಹುಡುಗರು ಮೊದಲು ಕೇಳೋ ಪ್ರಶ್ನೆ ಒಂದೇ: "ಸೈಲೆನ್ಸರ್ ಚೇಂಜ್ ಮಾಡಿದ್ರ ಸೌಂಡ್ ಬರ್ತದ, ಪಿಕಪ್ ಹೆಚ್ಚಾಗ್ತದ ಅಂತಾರಲ್ಲ, ಖರೇ ಏನು?"

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಗಾಡಿ ಮಾಲೀಕರಿಗೆ, ಗ್ಯಾರೇಜ್ ಮತ್ತು ಆಟೊಮೊಬೈಲ್ ಅಂಗಡಿಯವರಿಗೆ ಉಪಯೋಗ ಆಗಲಿ ಅಂತ ಈ ವಿಷಯದ ಪೂರ್ತಿ ಮಾಹಿತಿ ಇಲ್ಲಿ ಒಂದೇ ಕಡೆ ಕೊಟ್ಟಿದ್ದೇವೆ.

ಮೊದಲೇ ಒಂದು ಮಾತು. ನಾನೂ ಡಿಗ್ರಿ ಅರ್ಧಕ್ಕೆ ಬಿಟ್ಟು ಮನ್ಯಾಗ ಕುಂತಿದ್ದಾಗ ಒಂದು ಹಳೆ ಕಾರಿನ ಹಿಂದಿನ ಡಬ್ಬಿ ತೆಗೆಸಿ ನೇರ ಪೈಪ್ ಹಚ್ಚಿಸಿದ್ದೆ. ಮೂರು ದಿನ ಭಾರಿ ಖುಷಿ. ನಾಲ್ಕನೇ ದಿನ ಬೆಳಗಾವಿಗೆ ಹೋಗಿ ಬರೋದ್ರೊಳಗ ತಲಿ ಹಿಡಿದಿತ್ತು. ರಾತ್ರಿ ಮನೆಗೆ ಬಂದು ಗಾಡಿ ನಿಲ್ಲಿಸಿದಾಗ ಬಿಪಿ ಇರೋ ನಮ್ಮ ಆಯಿ ಬೆಚ್ಚಿಬಿದ್ದು ಎದ್ದು ಕುಂತಿದ್ದಳು. ಮರುದಿನ ಹಳೆ ಡಬ್ಬಿ ವಾಪಸ್ ಹಚ್ಚಿಸೋಣ ಅಂತ ಹೋದರೆ ಅದು ಆಗಲೇ ಗುಜರಿಗೆ ಹೋಗಿತ್ತು. ಹೊಸದು ತರೋಕೆ ಮೊದಲು ಖರ್ಚು ಮಾಡಿದ್ದಕ್ಕಿಂತ ಹೆಚ್ಚು ರೊಕ್ಕ ಹೋಯ್ತು. ಈ ಲೇಖನದಲ್ಲಿರೋ ಮಾಹಿತಿ ಆವಾಗ ನನಗೆ ಯಾರಾದರೂ ಹೇಳಿದ್ದರೆ ಚೊಲೋ ಇತ್ತು.

ಸಂಕ್ಷಿಪ್ತವಾಗಿ

- ನಮ್ಮ ಕಡೆ ಓಡೋ ಸಾಮಾನ್ಯ ಕಾರುಗಳಿಗೆ ಸೈಲೆನ್ಸರ್ ಬದಲಿಸಿದರೆ ಸಿಗೋದು ಬಹುತೇಕ ಸೌಂಡ್ ಮಾತ್ರ. ಪಿಕಪ್ ಹೆಚ್ಚಿದ್ದು ಕಾಲಿಗೆ ಗೊತ್ತಾಗೋದಿಲ್ಲ.
- ಬಿಎಸ್-6 ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಹೊಗೆ ತಪಾಸಣೆ, ವಾರಂಟಿ, ಇನ್ಶೂರೆನ್ಸ್ ಮೂರಕ್ಕೂ ಪೆಟ್ಟು.
- ಕಾಯ್ದೆ ಪ್ರಕಾರ ತಪ್ಪು ಗಾಡಿ ಮಾಲೀಕರದ್ದು ಮಾತ್ರ ಅಲ್ಲ. ಹಚ್ಚಿಕೊಟ್ಟ ಗ್ಯಾರೇಜಿಗೂ ಶಿಕ್ಷೆ ಇದೆ, ಅದೂ ಮಾಲೀಕರಿಗಿಂತ ದೊಡ್ಡದು.

ಹೊಗೆ ಹೊರಗೆ ಬರೋ ದಾರಿ

ಸೈಲೆನ್ಸರ್ ಅಂದ್ರ ನಾವು ಹಿಂದೆ ಕಾಣೋ ಡಬ್ಬಿ ಅಂದುಕೊಂಡಿರ್ತೀವಿ. ಆದರೆ ಇಂಜಿನ್‌ನಿಂದ ಹಿಂದಿನ ಬಂಪರ್ ತನಕ ಅದೊಂದು ಪೂರ್ತಿ ವ್ಯವಸ್ಥೆ. ಮುಂದಿನಿಂದ ಹಿಂದಕ್ಕೆ ನೋಡುತ್ತ ಹೋದರೆ:

1. ಮ್ಯಾನಿಫೋಲ್ಡ್: ಪ್ರತಿ ಸಿಲಿಂಡರಿನಿಂದ ಬರೋ ಹೊಗೆಯನ್ನು ಒಂದೇ ಪೈಪಿಗೆ ಕೂಡಿಸುವ ಭಾಗ. ಇಲ್ಲಿ ಬಿಸಿ ನೂರಾರು ಡಿಗ್ರಿ ಇರುತ್ತದೆ.

2. ಕ್ಯಾಟಲಿಟಿಕ್ ಕನ್ವರ್ಟರ್: ಗ್ಯಾರೇಜಿನಲ್ಲಿ 'ಕ್ಯಾಟ್' ಅಂತಾರೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳ ಇಟ್ಟಿಗೆ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ವಿಷದ ಹೊಗೆಯನ್ನು ಕಡಿಮೆ ಅಪಾಯದ ಅನಿಲವಾಗಿ ಬದಲಾಯಿಸೋದು ಇದರ ಕೆಲಸ. ಸುಮಾರು 300 ಡಿಗ್ರಿ ಬಿಸಿ ಆದ ಮೇಲೆ ಇದು ಸರಿಯಾಗಿ ಕೆಲಸ ಶುರು ಮಾಡುತ್ತದೆ.

3. ಆಕ್ಸಿಜನ್ ಸೆನ್ಸರ್: ಹೊಸ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು. ಕ್ಯಾಟ್‌ನ ಮುಂದೊಂದು, ಹಿಂದೊಂದು. ಮುಂದಿನದು ಪೆಟ್ರೋಲ್ ಎಷ್ಟು ಬಿಡಬೇಕು ಅಂತ ಗಾಡಿಯ ಕಂಪ್ಯೂಟರಿಗೆ (ಇಸಿಯು) ಹೇಳುತ್ತದೆ. ಹಿಂದಿನದು ಕ್ಯಾಟ್ ಕೆಲಸ ಮಾಡ್ತಾ ಇದೆಯೋ ಇಲ್ಲವೋ ಅಂತ ಕಾಯುತ್ತದೆ.

4. ರೆಸೊನೇಟರ್: ನಡುವಿನ ಸಣ್ಣ ಡಬ್ಬಿ. ಕೆಲವು ನಿರ್ದಿಷ್ಟ ಸ್ವರಗಳನ್ನು ಮಾತ್ರ ಕತ್ತರಿಸುತ್ತದೆ.

5. ಮಫ್ಲರ್: ಹಿಂದಿನ ದೊಡ್ಡ ಡಬ್ಬಿ. ನಾವು ಸೈಲೆನ್ಸರ್ ಅನ್ನೋದು ಇದನ್ನೇ.

6. ಟೇಲ್ ಪೈಪ್: ಹೊರಗೆ ಕಾಣೋ ಬಾಯಿ.

ಸೌಂಡ್ ಎಲ್ಲಿಂದ ಬರ್ತದ?

ಇಂಜಿನ್‌ನಿಂದ ಹೊಗೆ ನಳದ ನೀರಿನ ಹಾಗೆ ಸತತ ಬರೋದಿಲ್ಲ. ವಾಲ್ವ್ ತೆರೆದಾಗೊಮ್ಮೆ ಫಟ್ ಅಂತ ಬಿಟ್ಟು ಬಿಟ್ಟು ಬರುತ್ತದೆ. ನಾಲ್ಕು ಸಿಲಿಂಡರಿನ ಕಾರು 3000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 100 ಸಲ ಈ ಹೊಡೆತ ಬೀಳುತ್ತದೆ. ಮೂರು ಸಿಲಿಂಡರ್ ಆದರೆ ಅದೇ ವೇಗದಲ್ಲಿ 75 ಸಲ. ಸಣ್ಣ ಕಾರುಗಳಲ್ಲಿ ಮೂರು ಸಿಲಿಂಡರಿನ ಗಾಡಿಯ ಸೌಂಡ್ ಸ್ವಲ್ಪ ಒರಟಾಗಿ ಬೇರೆ ಥರ ಕೇಳೋದಕ್ಕೆ ಇದೇ ಕಾರಣ. ಅದಕ್ಕೆ ಎಷ್ಟೇ ದುಬಾರಿ ಪೈಪ್ ಹಚ್ಚಿದರೂ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಕೇಳೋ ಆರು ಸಿಲಿಂಡರ್, ಎಂಟು ಸಿಲಿಂಡರ್ ಗಾಡಿಯ ಸ್ವರ ಬರಲ್ಲ.

ಕಂಪನಿ ಮಫ್ಲರ್ ಒಳಗೆ ತಗಡಿನ ಗೋಡೆ, ಕೋಣೆ, ತೂತಿನ ಪೈಪ್ ಇರ್ತಾವು. ಹೊಗೆ ಅಲ್ಲಿ ಸುತ್ತಾಡಿ ಬರೋದ್ರೊಳಗೆ ಸೌಂಡಿನ ಅಲೆಗಳು ಒಂದಕ್ಕೊಂದು ಬಡಿದು ಸಾಯುತ್ತವೆ. ಹೊರಗಿನಿಂದ ತರೋ 'ಸ್ಪೋರ್ಟ್ಸ್' ಡಬ್ಬಿ ಬಹುತೇಕ ನೇರ ಪೈಪು. ಸುತ್ತ ತೂತು, ಅದರ ಸುತ್ತ ಗ್ಲಾಸ್ ವೂಲ್ ತುಂಬಿರ್ತಾರೆ. ಹೊಸದಾಗಿದ್ದಾಗ ಸೌಂಡ್ ಗಂಭೀರವಾಗಿರುತ್ತದೆ. ಆ ಹತ್ತಿ ಸುಟ್ಟು ಹಾರಿ ಹೋಗುತ್ತಿದ್ದ ಹಾಗೆ ಕರ್ಕಶ ಆಗುತ್ತದೆ. ಅಗ್ಗದ ಡಬ್ಬಿಗಳಲ್ಲಿ ಇದು ಬೇಗ ಆಗುತ್ತದೆ.

ಇನ್ನೊಂದು ತೊಂದರೆ 'ಡ್ರೋನ್', ಅಂದ್ರ ಕಾರಿನ ಒಳಗೆ ಗುಂಯ್ ಅಂತ ಸತತ ಬಡಿಯೋ ಸದ್ದು. ಸಾಮಾನ್ಯವಾಗಿ 2000ದಿಂದ 3000 ಆರ್‌ಪಿಎಂ ನಡುವೆ ಹೆಚ್ಚು, ಅಂದ್ರ ನಾವು ಹೈವೇದಾಗ ಓಡಿಸೋ ವೇಗದಲ್ಲೇ. ಸಂಕೇಶ್ವರ ದಾಟಿ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಕೊಲ್ಹಾಪುರಕ್ಕೆ ಹೋಗೋರಿಗೆ ಇದರ ಅನುಭವ ಚೆನ್ನಾಗಿ ಆಗುತ್ತದೆ. ರೆಸೊನೇಟರ್ ತೆಗೆಸಿದವರಿಗೆ ಇದು ಹೆಚ್ಚು.

ಪಿಕಪ್ ಖರೇನೇ ಹೆಚ್ಚಾಗ್ತದಾ?

ಇಲ್ಲೇ ಹೆಚ್ಚಿನವರು ಮೋಸ ಹೋಗೋದು. ಲೆಕ್ಕ ನೋಡಿ.

ನಮ್ಮ ಕಡೆ ಹೆಚ್ಚು ಓಡೋ 1.2 ಲೀಟರ್ ಪೆಟ್ರೋಲ್ ಕಾರುಗಳ ಶಕ್ತಿ 80ರಿಂದ 90 ಪಿಎಸ್ ಆಸುಪಾಸು. ಕ್ಯಾಟ್‌ನಿಂದ ಹಿಂದಿನ ಪೈಪು, ಡಬ್ಬಿ ಎಲ್ಲ ಚೊಲೋ ಗುಣಮಟ್ಟದ್ದು ಹಾಕಿಸಿ, ಶೇ. 3ರಷ್ಟು ಲಾಭ ಆಯ್ತು ಅಂತ ಹಿಡಿದರೂ ಸಿಗೋದು ಎರಡೂವರೆ ಪಿಎಸ್. ಹಿಂದಿನ ಸೀಟಿನಾಗ ಇಬ್ಬರು ಗೆಳೆಯರು ಕುಂತರೆ ಅಷ್ಟೂ ಮಾಯ. ಸೌಂಡ್ ಜೋರಾಗಿದ್ದಕ್ಕೆ ಗಾಡಿ ಜೋರಾಗಿ ಹೋದಂಗ ಅನಿಸ್ತದ, ಅಷ್ಟೇ.

ಪೈಪ್ ದಪ್ಪ ಆದಷ್ಟೂ ಚೊಲೋ ಅನ್ನೋದೂ ತಪ್ಪು. ಒಂದು ಹೊಡೆತದ ಹೊಗೆ ವೇಗವಾಗಿ ಹೋದರೆ ಅದರ ಹಿಂದೆ ಒತ್ತಡ ಕಡಿಮೆಯಾಗಿ, ಮುಂದಿನ ಸಿಲಿಂಡರಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಂಪನಿಯವರು ಪೈಪಿನ ಅಳತೆ ಇಡೋದು ಈ ಎಳೆತ ಲೆಕ್ಕ ಹಾಕಿ. ಸಣ್ಣ ಇಂಜಿನ್‌ಗೆ ವಿಪರೀತ ದಪ್ಪ ಪೈಪ್ ಹಾಕಿದರೆ ಹೊಗೆಯ ವೇಗ ಕಡಿಮೆಯಾಗಿ ಎಳೆತ ಸಡಿಲ ಆಗುತ್ತದೆ. ಆಗ ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಎಳೆಯೋದು ಕಡಿಮೆ. ಸಂತೆ ದಿನ ಪೇಟೆಯಾಗ ಎರಡನೇ ಗೇರಿನಲ್ಲಿ ಸಾಗೋವಾಗ, ಘಾಟ್ ಏರುವಾಗ ಬೇಕಾಗೋದು ಇದೇ ಎಳೆತ. ಮೈಲೇಜ್ ಬಿದ್ದರೂ ಆಶ್ಚರ್ಯ ಇಲ್ಲ, ಯಾಕಂದ್ರ ಸೌಂಡ್ ಕೇಳೋ ಆಸೆಗೆ ಕಾಲು ತಾನೇ ಒತ್ತುತ್ತದೆ.

ಟರ್ಬೊ ಗಾಡಿಗಳ ಕಥೆ ಬೇರೆ. ಟರ್ಬೊ ತಿರುಗೋದೇ ಹೊಗೆಯ ಬಲದಿಂದ. ಅದರ ಹಿಂದಿನ ದಾರಿ ಸಡಿಲ ಆದರೆ, ಜೊತೆಗೆ ಇಸಿಯು ಸಾಫ್ಟ್‌ವೇರ್ ಬದಲಿಸಿದರೆ ಶಕ್ತಿ ಏರೋದು ನಿಜ. ಆದರೆ ಆ ಹೆಚ್ಚಿನ ಭಾರ ಕ್ಲಚ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲದರ ಮೇಲೆ ಬೀಳುತ್ತದೆ. ಡೀಸೆಲ್ ಗಾಡಿಯಲ್ಲಿ ಡಬ್ಬಿ ತೆಗೆಸಿದರೂ ಆಸೆಪಟ್ಟಂಥ ಸೌಂಡ್ ಬರೋದಿಲ್ಲ. ಟರ್ಬೊ ಆ ಹೊಡೆತವನ್ನು ತಾನೇ ಮೆತ್ತಗೆ ಮಾಡಿಬಿಡುತ್ತದೆ.

ಯಾವ ಕೆಲಸಕ್ಕೆ ಏನು ಫಲ

- ಸ್ಟೀಲ್ ಟಿಪ್ ಹಚ್ಚೋದು: ನೋಟಕ್ಕೆ ಮಾತ್ರ. ಸೌಂಡ್, ಪಿಕಪ್ ಎರಡೂ ಇದ್ದಂಗೇ.
- ಹಿಂದಿನ ಡಬ್ಬಿ ಮಾತ್ರ ಬದಲಿಸೋದು: ಸೌಂಡ್ ಏರುತ್ತದೆ. ಶಕ್ತಿ ಏರೋದು ಲೆಕ್ಕಕ್ಕಿಲ್ಲ.
- ಕ್ಯಾಟ್‌ನಿಂದ ಹಿಂದಿನದೆಲ್ಲ ಬದಲಿಸೋದು (ಕ್ಯಾಟ್-ಬ್ಯಾಕ್): ಸೌಂಡ್ ಜೋರು, ಶಕ್ತಿ ಚೂರು, ಖರ್ಚು ಹೆಚ್ಚು.
- ಡಬ್ಬಿ ತೆಗೆದು ನೇರ ಪೈಪ್: ಅಗ್ಗ, ಕರ್ಕಶ, ಡ್ರೋನ್. ಪೊಲೀಸರ ಕಣ್ಣಿಗೆ ಮೊದಲು ಬೀಳೋದು ಇದೇ.
- ಹೆಡರ್ (ಮ್ಯಾನಿಫೋಲ್ಡ್ ಬದಲಿಸೋದು): ರೇಸ್ ಗಾಡಿಗೆ ಉಪಯೋಗ. ಬಿಎಸ್-6 ಕಾರುಗಳಲ್ಲಿ ಕ್ಯಾಟ್ ಇಂಜಿನ್‌ಗೆ ಅಂಟಿಕೊಂಡೇ ಇರೋದರಿಂದ ಹೆಡರ್ ಹಾಕೋದು ಅಂದ್ರ ಹೆಚ್ಚಾಗಿ ಕ್ಯಾಟ್ ಕಳಕೊಳ್ಳೋದು.
- ಡಿಕ್ಯಾಟ್ (ಕ್ಯಾಟ್ ತೆಗೆಯೋದು): ಇದರ ಬಗ್ಗೆ ಕೆಳಗೆ ನೋಡಿ.
- 'ಪಟಾಕಿ' ಸೌಂಡ್: ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅನ್ನೋ ಹಾಗೆ ಮಾಡೋದು. ಸುಡದ ಪೆಟ್ರೋಲ್ ಪೈಪಿನೊಳಗೆ ಹತ್ತಿಕೊಂಡು ಆಗೋ ಸದ್ದಿದು. ಕ್ಯಾಟ್ ಇದ್ದರೆ ಒಳಗಿನ ಇಟ್ಟಿಗೆ ಕರಗಿ ಹೊಗೆಯ ದಾರಿಯೇ ಕಟ್ಟಿಕೊಳ್ಳಬಹುದು.

ಬಿಎಸ್-6 ಗಾಡಿಗೆ ಕೈ ಹಾಕೋ ಮುಂಚೆ

ನಮ್ಮ ದೇಶದಲ್ಲಿ ಕ್ಯಾಟ್ ಬಂದಿದ್ದು 1995ರ ಏಪ್ರಿಲ್‌ನಲ್ಲಿ, ಮೊದಲು ದೊಡ್ಡ ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಸೀಸ ಬೆರೆತ ಪೆಟ್ರೋಲ್ ಕ್ಯಾಟ್‌ಅನ್ನು ಹಾಳು ಮಾಡುತ್ತದೆ. 2000ನೇ ಇಸವಿ ಫೆಬ್ರುವರಿಯಲ್ಲಿ ದೇಶದ ತುಂಬ ಸೀಸದ ಪೆಟ್ರೋಲ್ ನಿಂತಿತು. ಬಿಎಸ್-6 ಜಾರಿಗೆ ಬಂದಿದ್ದು 2020ರ ಏಪ್ರಿಲ್ 1ಕ್ಕೆ. ಹೊಸ ಡೀಸೆಲ್ ಕಾರುಗಳಲ್ಲಿ ಕರಿ ಮಸಿ ಹಿಡಿಯೋ ಫಿಲ್ಟರ್ (ಡಿಪಿಎಫ್) ಕೂಡ ಇರುತ್ತದೆ.

ಕ್ಯಾಟ್ ತೆಗೆದರೆ ಆಗೋದು ಇಷ್ಟು:

ಮೊದಲು ಮೀಟರ್ ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತುತ್ತದೆ. ಸ್ಕ್ಯಾನರ್ ಹಚ್ಚಿದರೆ ಸಾಮಾನ್ಯವಾಗಿ ಪಿ0420 ಕೋಡ್. ಕೆಲವರು ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿ ಅದನ್ನು ಯಾಮಾರಿಸ್ತಾರ. ಲೈಟ್ ಆರಬಹುದು, ಹೊಗೆ ಹಾಗೇ ಇರುತ್ತದೆ.

ಆಮೇಲೆ ಹೊಗೆ ತಪಾಸಣೆ. ಬಿಎಸ್-4 ಪೆಟ್ರೋಲ್ ಕಾರು ಐಡಲ್‌ನಲ್ಲಿ ಬಿಡಬಹುದಾದ ಕಾರ್ಬನ್ ಮೊನಾಕ್ಸೈಡ್ ಶೇ. 0.3 ಮಾತ್ರ. ಕ್ಯಾಟ್ ಇಲ್ಲದ ಗಾಡಿ ಇದರೊಳಗೆ ಬರೋದು ಕಷ್ಟ.

ಮೂರನೇದು ಬಹಳ ಮಂದಿಗೆ ಗೊತ್ತಿಲ್ಲದ ವಿಷಯ. ಹಳೆ ಕ್ಯಾಟ್ ಗುಜರಿ ಕಬ್ಬಿಣ ಅಲ್ಲ. ಒಳಗಿನ ಪ್ಲಾಟಿನಂ ಜಾತಿಯ ಲೋಹಕ್ಕೆ ಬೆಲೆ ಇದೆ. ಅದನ್ನು ಕೊಳ್ಳೋರು ಬೇರೆನೇ ಇದ್ದಾರೆ. "ಹಳೇದು ಇಲ್ಲೇ ಬಿಡ್ರಿ, ಲೇಬರ್ ಕಡಿಮೆ ಮಾಡ್ತೀನಿ" ಅಂತ ಯಾರಾದರೂ ಅಂದರೆ ಲಾಭ ಯಾರಿಗೆ ಅಂತ ಯೋಚಿಸಿ. ಬಿಚ್ಚಿದ ಯಾವುದೇ ಕಂಪನಿ ಭಾಗ ಮನೆಗೆ ತಗೊಂಡು ಬರೋದು ಒಳ್ಳೇದು. ಗಾಡಿ ಮಾರೋವಾಗ, ವಾಪಸ್ ಹಚ್ಚೋವಾಗ ಅದೇ ಬೇಕು.

ಜೀವಕ್ಕೆ ಅಪಾಯ: ಸೋರುವ ಹೊಗೆ

ಸರಿಯಾಗಿ ವೆಲ್ಡ್ ಆಗದ ಜಾಯಿಂಟ್, ಅಳತೆಗೆ ಕೂರದ ಗ್ಯಾಸ್ಕೆಟ್, ಕಾರಿನ ಹೊಟ್ಟೆ ಕೆಳಗೇ ಬಾಯಿ ಬಿಟ್ಟು ನಿಲ್ಲಿಸಿದ ಗಿಡ್ಡ ಪೈಪ್, ಈ ಮೂರರಿಂದ ಹೊಗೆ ಕಾರಿನೊಳಗೆ ಬರಬಹುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಹೊಟ್ಟೆ ತೊಳಸೋದು, ನಿದ್ದೆ ಬಂದಂಗ ಆಗೋದು ಇದರ ಲಕ್ಷಣ. ಕಿಟಕಿ ಮುಚ್ಚಿ, ಎಸಿ ಹಾಕಿ, ನಿಂತ ಗಾಡಿಯಲ್ಲಿ ಮಲಗೋರಿಗೆ ಜೀವಕ್ಕೇ ಬರಬಹುದು. ಕಾರಿನೊಳಗೆ ಹೊಗೆ ವಾಸನೆ ಬಂದರೆ, ಕೂತವರಿಗೆಲ್ಲ ಒಟ್ಟಿಗೇ ತಲೆ ಹಿಡಿದರೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು ಹೊರಗೆ ಬನ್ನಿ.

ಕಾಯ್ದೆ ಏನು ಹೇಳ್ತದ?

ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿ 9ರಂದು ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಕೇಂದ್ರ ಮೋಟಾರು ವಾಹನ ನಿಯಮ 1989ರ ನಿಯಮ 120ರ ಪ್ರಕಾರ ಟ್ರ್ಯಾಕ್ಟರ್ ಸಹಿತ ಪ್ರತಿ ಗಾಡಿಗೂ ಸದ್ದು ಕಡಿಮೆ ಮಾಡೋ ಸೈಲೆನ್ಸರ್ ಇರಲೇಬೇಕು.

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯ ನಂತರ ಶಿಕ್ಷೆ ಹೀಗಿದೆ:

- ಕಲಂ 182ಎ(4), ಗಾಡಿ ಮಾಲೀಕರಿಗೆ: ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ.
- ಕಲಂ 182ಎ(1), ಡೀಲರಿಗೆ: ನಿಯಮ ಮೀರಿ ಗಾಡಿ ಬದಲಿಸಿಕೊಟ್ಟರೆ ಪ್ರತಿ ಗಾಡಿಗೆ 1 ಲಕ್ಷ ರೂ. ದಂಡ, ಅಥವಾ 1 ವರ್ಷದ ತನಕ ಜೈಲು, ಅಥವಾ ಎರಡೂ.
- ಕಲಂ 190(2), ಓಡಿಸಿದವರಿಗೆ: ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ಮೊದಲ ಸಲ 10,000 ರೂ. ತನಕ ದಂಡ ಅಥವಾ 3 ತಿಂಗಳ ತನಕ ಜೈಲು ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸ್ ಬಂದ್.
- ಕಲಂ 194ಎಫ್: ಸೈಲೆನ್ಸರ್ ತಪ್ಪಿಸಿ ಹೊಗೆ ಬಿಡೋ ಕಟ್‌ಔಟ್ ಬಳಸಿದರೆ 1,000 ರೂ., ಎರಡನೇ ಸಲ 2,000 ರೂ.
- ಕಲಂ 199ಎ: ಓಡಿಸಿದ್ದು 18 ತುಂಬದ ಹುಡುಗ ಆಗಿದ್ದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂ. ದಂಡ, 3 ವರ್ಷದ ತನಕ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು.

ರಸ್ತೆಯಲ್ಲೇ ಕಟ್ಟಿಸಿಕೊಳ್ಳೋ ದಂಡವನ್ನು ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಕರ್ನಾಟಕ 2019ರ ಸೆಪ್ಟೆಂಬರಿನಲ್ಲೇ ಹಲವು ದಂಡ ಇಳಿಸಿತ್ತು. ಹಾಗಾಗಿ ರಸೀದಿಯಲ್ಲಿ ಮೊತ್ತ ಬೇರೆ ಇರಬಹುದು. ಕೇಸ್ ಕೋರ್ಟಿಗೆ ಹೋದರೆ ಮಾತ್ರ ಮೇಲೆ ಹೇಳಿದ ಕಾಯ್ದೆಯ ಲೆಕ್ಕ. ಬುಲೆಟ್‌ಗಳ ವಿಷಯದಲ್ಲಿ ನಮ್ಮ ರಾಜ್ಯದ ಹಲವು ಕಡೆ ಪೊಲೀಸರು ದಂಡಕ್ಕೆ ನಿಲ್ಲದೆ, ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಇಟ್ಟು ರೋಡ್ ರೋಲರ್ ಹಾಯಿಸಿದ್ದನ್ನು ಎಲ್ಲರೂ ನೋಡಿದ್ದೇವೆ.

ಅಂಗಡಿ, ಗ್ಯಾರೇಜಿನವರು ಗಮನಿಸಿ

'ಡೀಲರ್' ಅಂದ್ರ ಶೋರೂಮಿನವರು, ನಮಗೇನು ಸಂಬಂಧ ಅನ್ನೋರು ಬಹಳ. ಕಾಯ್ದೆಯ ಕಲಂ 2ರಲ್ಲಿ 'ಡೀಲರ್' ಅನ್ನೋ ಪದದ ಅರ್ಥ ಕೊಟ್ಟಿದ್ದಾರೆ. ಅದರಲ್ಲಿ ಗಾಡಿ ರಿಪೇರಿ ಮಾಡೋರೂ ಬರುತ್ತಾರೆ. ಅಂದ್ರ ಸಾವಿರ-ಎರಡು ಸಾವಿರ ಲೇಬರಿಗೆ ಆಸೆಪಟ್ಟು ಡಬ್ಬಿ ಕತ್ತರಿಸಿಕೊಟ್ಟ ಮಿಸ್ತ್ರಿ 1 ಲಕ್ಷದ ಕಲಮಿಗೆ ಸಿಗಬಹುದು. ಗಿರಾಕಿ ಹೇಳಿದ, ನಾ ಮಾಡಿದೆ ಅನ್ನೋ ಮಾತು ನಡಿಯೋದಿಲ್ಲ.

ಗ್ಯಾರೇಜಿನವರಿಗೆ ಕೆಲವು ಸಲಹೆ:

- ಬಿಲ್ ಬರೀರಿ. ತೂತು ಬಿದ್ದ ಡಬ್ಬಿ ಬದಲಿಸಿದರೆ 'ತುಕ್ಕು ಹಿಡಿದಿದ್ದಕ್ಕೆ ಅದೇ ಮಾದರಿಯ ಮಫ್ಲರ್ ಬದಲಿ' ಅಂತ ಸ್ಪಷ್ಟ ಬರೆದು ಇಬ್ಬರೂ ಸಹಿ ಮಾಡ್ರಿ.
- 'ರೇಸ್ ಬಳಕೆಗೆ ಮಾತ್ರ' ಅಂತ ಡಬ್ಬಿ ಮೇಲೆ ಬರೆದಿದ್ದರೆ ಅದು ಊರಿನ ರಸ್ತೆಗೆ ಅಲ್ಲ. ಗಿರಾಕಿಗೆ ಮೊದಲೇ ಹೇಳ್ರಿ.
- ಕಾರಿಗೆ ವೆಲ್ಡಿಂಗ್ ಮಾಡೋ ಮುಂಚೆ ಬ್ಯಾಟರಿ ವೈರ್ ಬಿಚ್ಚಿ. ಇಲ್ಲಂದ್ರ ಇಸಿಯು ಸುಡೋ ಭಯ ಇದೆ.
- ನಳಕ್ಕೆ ಹಾಕೋ ಜಿಐ ಪೈಪ್ ಬಳಸಬೇಡಿ. ಬಿಸಿಗೆ ಅದರ ಸತುವಿನ ಹೊಗೆ ಏಳುತ್ತದೆ. ವೆಲ್ಡಿಂಗ್ ಮಾಡೋರಿಗೆ ಜ್ವರ ಬರಿಸುತ್ತದೆ.

ಡೆಸಿಬಲ್ ಲೆಕ್ಕ

ಹೊಸ ಗಾಡಿಗಳಿಗೆ ತಯಾರಿಕೆ ಹಂತದಲ್ಲಿ ಇರೋ ಸದ್ದಿನ ಮಿತಿ: ಚಾಲಕ ಸೇರಿ 9 ಸೀಟಿನ ತನಕದ ಪ್ರಯಾಣಿಕ ಗಾಡಿಗೆ 74 ಡೆಸಿಬಲ್. 80 ಸಿಸಿ ತನಕದ ಬೈಕಿಗೆ 75, 80ರಿಂದ 175 ಸಿಸಿಗೆ 77, ಅದಕ್ಕಿಂತ ದೊಡ್ಡದಕ್ಕೆ 80.

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅಂಗಡಿ ಪೇಟೆಯಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರಿನ ನಿಶ್ಶಬ್ದ ವಲಯದಲ್ಲಿ ಹಗಲು 50, ರಾತ್ರಿ 40. ಇಲ್ಲಿ ರಾತ್ರಿ ಅಂದ್ರ 10ರಿಂದ ಬೆಳಿಗ್ಗೆ 6.

ಡೆಸಿಬಲ್ ಲೆಕ್ಕ ನಮ್ಮ ಕಿಲೋ, ಲೀಟರಿನ ಹಾಗಲ್ಲ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಹಾಗಾಗಿ 74 ಇದ್ದದ್ದು 94 ಆದರೆ "ಇಪ್ಪತ್ತೇ ಹೆಚ್ಚಾತು" ಅನ್ನೋ ಹಾಗಿಲ್ಲ, ಶಕ್ತಿ ನೂರು ಪಟ್ಟಾಯ್ತು. ಘಟಪ್ರಭಾದಲ್ಲಿ, ಗೋಕಾಕದಲ್ಲಿ ಆಸ್ಪತ್ರೆ ಮುಂದೆ ರಾತ್ರಿ ಹಾಯುವ ಒಂದು ಗಾಡಿ ಒಳಗೆ ಮಲಗಿದ ಎಷ್ಟು ಮಂದಿಯನ್ನು ಎಬ್ಬಿಸುತ್ತದೆ ಅನ್ನೋದು ಬಾಣಂತಿ ಹತ್ತಿರ ಕುಂತ ಮನೆಯವರನ್ನ ಕೇಳಿದರೆ ಗೊತ್ತಾಗ್ತದ.

ಕಬ್ಬಿನ ಹಂಗಾಮು: ಟ್ರ್ಯಾಕ್ಟರಿನವರೂ ಓದಿ

ನಮ್ಮ ಭಾಗದಲ್ಲಿ ಕಾರಿಗಿಂತ ಹೆಚ್ಚು ಸೈಲೆನ್ಸರ್ ಬದಲಾಗೋದು ಟ್ರ್ಯಾಕ್ಟರಿಗೆ. ಹಂಗಾಮು ಶುರು ಆದರೆ ಕಾರ್ಖಾನೆ ದಾರಿಗಳಲ್ಲಿ ರಾತ್ರಿಯಿಡೀ ಕಬ್ಬಿನ ಗಾಡಿ ಸಾಲು. ಸೈಲೆನ್ಸರಿನ ಒಳಗಿನ ತಗಡು ತೆಗೆಸಿದರೆ ಲೋಡ್ ಎಳಿತದ ಅನ್ನೋ ನಂಬಿಕೆ ಬಹಳ ಮಂದಿಗಿದೆ. ಡೀಸೆಲ್ ಇಂಜಿನಿಗೆ ಎಳೆಯೋ ಶಕ್ತಿ ಬರೋದು ಏರ್ ಫಿಲ್ಟರ್, ಪಂಪ್, ನಾಜಲ್ ಸರಿ ಇದ್ದರೆ. ಲೋಡಿನಲ್ಲಿ ಕರಿ ಹೊಗೆ ಬಿಡುತ್ತಿದ್ದರೆ ಮೊದಲು ಏರ್ ಫಿಲ್ಟರ್ ನೋಡಿಸಿ, ಅದು ಕಡಿಮೆ ಖರ್ಚಿನ ಕೆಲಸ.

ಇನ್ನೊಂದು ಅಪಾಯ ಬೆಂಕಿ. ಒಳಗಿನ ತಗಡಿಲ್ಲದ ಸೈಲೆನ್ಸರಿನಿಂದ ಮಸಿಯ ಕೆಂಡ ನೇರ ಹಾರಬಹುದು. ಒಣಗಿದ ರವದಿ, ಕಣಿಕಿ ಬಣವಿ ಹತ್ತಿರ ಒಂದು ಕಿಡಿ ಸಾಕು. ಕಾರಿನವರೂ ಅಷ್ಟೇ, ದೂರದಿಂದ ಓಡಿಸಿಕೊಂಡು ಬಂದ ಬಿಸಿ ಗಾಡಿಯನ್ನು ರವದಿ ಮ್ಯಾಲೆ, ಒಣ ಹುಲ್ಲಿನ ಮ್ಯಾಲೆ ನಿಲ್ಲಿಸಬೇಡಿ. ಹಲವು ಕಾರುಗಳಲ್ಲಿ ಕ್ಯಾಟ್ ಇರೋದು ಕಾರಿನ ಹೊಟ್ಟೆ ಕೆಳಗೇ.

ಹಾಗಾದ್ರ ಮಾಡಬಹುದಾದ್ದು ಏನು?

ಆಸೆ ಇದ್ದವರಿಗೆ ದಾರಿ ಇಲ್ಲ ಅಂತಲ್ಲ.

- ಇರೋ ಸೈಲೆನ್ಸರ್ ಮೊದಲು ನೋಡಿಸಿ. ಎಷ್ಟೋ ಹಳೆ ಗಾಡಿಗಳಲ್ಲಿ ಪಿಕಪ್ ಬಿದ್ದಿರೋದಕ್ಕೆ ಕಾರಣ ಕಟ್ಟಿದ ಕ್ಯಾಟ್, ಒಳಗೆ ಮುರಿದ ತಗಡು, ಸೋರೋ ಗ್ಯಾಸ್ಕೆಟ್, ಹಳೆ ಆಕ್ಸಿಜನ್ ಸೆನ್ಸರ್. ಇದು ಸರಿ ಆದರೆ ಹೋದ ಪಿಕಪ್ ಕಾಯ್ದೆ ಮುರಿಯದೇ ವಾಪಸ್ ಬರುತ್ತದೆ.
- ಅದೇ ಮಾದರಿಯ ಡಬ್ಬಿ ಹಾಕಿಸೋದು ರಿಪೇರಿ, ಮಾಡಿಫಿಕೇಶನ್ ಅಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಬಾಳಿಕೆ ಹೆಚ್ಚು. ಸಾದಾ ತಗಡು ಬೇಗ ತುಕ್ಕು ತಿನ್ನುತ್ತದೆ.
- ಏರ್ ಫಿಲ್ಟರ್, ಪ್ಲಗ್, ಟೈರ್ ಗಾಳಿ, ಒಳ್ಳೆ ಆಯಿಲ್. ಪಿಕಪ್ ಗೊತ್ತಾಗೋದು ಇವುಗಳಿಂದ.
- ರೇಸ್ ಹುಚ್ಚು ಇದ್ದವರಿಗೆ ಕೊಯಮತ್ತೂರಿನ ಕರಿ ಟ್ರ್ಯಾಕ್, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇವೆ. ನಮ್ಮ ರಾಜ್ಯದಲ್ಲೇ ಕೆ-1000 ರ್‍ಯಾಲಿ ನಡೆಯುತ್ತ ಬಂದಿದೆ. ಅಲ್ಲಿ ಅಲ್ಲಿಯ ನಿಯಮದ ಪ್ರಕಾರ ಗಾಡಿ ಕಟ್ಟಬಹುದು.
- ನದಿ ದಂಡೆ ಊರುಗಳಲ್ಲಿ 2019ರ ಆಗಸ್ಟ್ ಪ್ರವಾಹ ಯಾರೂ ಮರೆತಿಲ್ಲ. ಮುಳುಗಿದ ಗಾಡಿಯ ಪೈಪಿನೊಳಗೆ ನೀರು ಹೋಗಿರಬಹುದು. ಸ್ಟಾರ್ಟ್ ಮಾಡದೇ ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯಿರಿ.

ಪದೇ ಪದೇ ಕೇಳೋ ಪ್ರಶ್ನೆ

*ಅಂಗಡ್ಯಾಗ ರಾಜಾರೋಷ ಮಾರ್ತಾರ, ಮತ್ತ ಹಚ್ಚಿದ್ರ ತಪ್ಪು ಹೆಂಗ?*
ಮಾರಾಟಕ್ಕೆ ಸಿಗೋದೆಲ್ಲ ರಸ್ತೆಗೆ ಒಪ್ಪಿಗೆ ಆದದ್ದಲ್ಲ. ಬಿಲ್ ಇದೆ ಅಂದ್ರ ಖರೀದಿಗೆ ಸಾಕ್ಷಿ, ಅನುಮತಿಗೆ ಅಲ್ಲ.

*ಆರ್‌ಸಿಯಲ್ಲಿ ಬರೆಸಿಕೊಂಡರೆ ಆಗುತ್ತದಾ?*
ಸಿಎನ್‌ಜಿ ಕಿಟ್ ಥರದ ಒಪ್ಪಿಗೆ ಇರೋ ಬದಲಾವಣೆಗೆ ಆರ್‌ಟಿಒ ಕಚೇರಿಯಲ್ಲಿ ದಾಖಲು ಮಾಡಿಸೋ ಪದ್ಧತಿ ಇದೆ. ಸದ್ದು ಹೆಚ್ಚಿಸೋದಕ್ಕೆ ಅಂಥ ದಾರಿ ಇಲ್ಲ. ಗೊಂದಲ ಇದ್ದರೆ ಕೆಲಸಕ್ಕೆ ಮುಂಚೆ ನಿಮ್ಮ ಗಾಡಿ ನೋಂದಣಿ ಇರೋ ಕಚೇರಿಯಲ್ಲಿ ಕೇಳಿ. ಕೆಎ-49 ಗಾಡಿಯವರು ಗೋಕಾಕದಲ್ಲೇ ವಿಚಾರಿಸಬಹುದು.

*ಅಪಘಾತ ಆದರೆ ಇನ್ಶೂರೆನ್ಸ್ ಸಿಗುತ್ತದಾ?*
ಕಂಪನಿಗೆ ತಿಳಿಸದೇ ಗಾಡಿ ಬದಲಿಸಿದ್ದು ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್ ತಕರಾರಿಗೆ ಬೀಳುತ್ತದೆ. ಮುಖ್ಯವಾಗಿ ಬೆಂಕಿ ಅನಾಹುತದಲ್ಲಿ ಅವರು ಮೊದಲು ನೋಡೋದು ಇಂಥ ಕೆಲಸವನ್ನೇ.

*ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋವಾಗ ಹೆಂಗ ಗುರುತಿಸೋದು?*
ಗಾಡಿ ಎತ್ತಿಸಿ ಕೆಳಗೆ ನೋಡಿ. ಹೊಸ ವೆಲ್ಡಿಂಗ್ ಗುರುತು, ಬೇರೆ ಬಣ್ಣದ ಪೈಪ್, ಖಾಲಿ ಕ್ಯಾಟ್ ಡಬ್ಬಿ ಇದೆಯಾ ನೋಡಿ. ಕೀ ತಿರುವಿದಾಗ ಇಂಜಿನ್ ಲೈಟ್ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರ ಯಾರೋ ಅದನ್ನು ಬಂದ್ ಮಾಡಿಸಿರಬಹುದು. ಮೊದಲಿನ ಮಾಲೀಕ ಮಾಡಿದ ಕೆಲಸಕ್ಕೆ ರಸ್ತೆಯಲ್ಲಿ ಹಿಡಿಯೋದು ನಿಮ್ಮನ್ನೇ.

*ಓಣಿಯಲ್ಲಿ ರಾತ್ರಿ ಇಂಥ ಗಾಡಿಗಳ ಕಾಟ ಇದ್ದರೆ?*
ಗಾಡಿ ನಂಬರ್, ಹೊತ್ತು, ಜಾಗ ಬರೆದಿಟ್ಟುಕೊಂಡು ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ನೀವೇ ರಸ್ತೆಗೆ ಅಡ್ಡ ನಿಂತು ಜಗಳಕ್ಕೆ ಹೋಗಬೇಡಿ.

ಕೊನೆಗೆ ಹುಡುಗರಿಗೆ ಒಂದು ಮಾತು. ಗಾಡಿ ಮೇಲಿನ ಪ್ರೀತಿ ತಪ್ಪಲ್ಲ, ನನಗೂ ಐತಿ. ಆದರೆ ರೊಕ್ಕ ಕೊಡೋ ಮುಂಚೆ ಮಿಸ್ತ್ರಿಗೆ ಎರಡೇ ಪ್ರಶ್ನೆ ಕೇಳ್ರಿ: "ಇದು ರಸ್ತೆಗೆ ಒಪ್ಪಿಗೆ ಆದದ್ದಾ? ಬಿಲ್‌ನ್ಯಾಗ ಹಂಗಂತ ಬರ್ದು ಕೊಡ್ತೀರಾ?" ಎರಡಕ್ಕೂ ಹೌದು ಅಂದ್ರ ಮುಂದುವರೀರಿ. ಇಲ್ಲ ಅಂದ್ರ ಅದೇ ರೊಕ್ಕದಾಗ ನಾಲ್ಕು ಟೈರು ನೋಡಿಸಿ, ಬ್ರೇಕ್ ಸರಿ ಮಾಡಿಸಿಕೊಂಡು ಮನಿಗೆ ಹೋಗ್ರಿ.